ಶೈಲಿಪತ್ರಗಳಲ್ಲಿ ಆವರ್ತನ, ಮತ್ತು ಅದನ್ನು ಕಾಣಿಸುವ ರೇಖಾಚಿತ್ರ

ಎಕ್ಸ್‌ಎಂಎಲ್ ರೂಪದಲ್ಲಿ ಸಿದ್ಧಪಡಿಸಿದ ಗ್ರಂಥಸೂಚಿ, ನಿಘಂಟು, ಶಾಸನಪಾಠ ಮೊದಲಾದವನ್ನು ಓದಲು ತಕ್ಕ ಪುಟಗಳಾಗಿ ಪರಿವರ್ತಿಸುವುದಕ್ಕೆ ಎಕ್ಸ್‌ಎಸ್‌ಎಲ್‌ಟಿ ಎಂಬ ಶೈಲಿಪತ್ರದ ಭಾಷೆ ಬಳಕೆಯಲ್ಲಿದೆ. ಜೇಮ್ಸ್ ಕ್ಲಾರ್ಕ್ ಅವರ ಸಂಪಾದಕತ್ವದಲ್ಲಿ ರೂಪುಗೊಂಡ ಇದರ ಮೊದಲ ಆವೃತ್ತಿಯನ್ನು ವರ್ಲ್ಡ್ ವೈಡ್ ವೆಬ್ ಒಕ್ಕೂಟವು 1999ರ ನವೆಂಬರಿನಲ್ಲಿ ಅಂಗೀಕರಿಸಿತು. ಅನ್ಯ ಗಣಕಭಾಷೆಗಳಲ್ಲಿ ಪಳಗಿದವರು ಇಲ್ಲಿ ಮೊದಲು ಎಡವುವುದು ಆವರ್ತನದ ವಿಷಯದಲ್ಲಿ. ನಾವೂ ಎಡವಿದೆವು, ಎಲ್ಲಿ ಎಡವಿದೆವೆಂಬುದು ಒಂದು ಚಿತ್ರವನ್ನು ಬರೆದು ನೋಡಿದ ಮೇಲೆಯೇ ನಮಗೆ ಸ್ಪಷ್ಟವಾಯಿತು.

ಓಲೆಗರಿಯ ಹಸ್ತಪ್ರತಿಗಳ ಸೂಚಿಯೊಂದನ್ನು ಭಾವಿಸಿಕೊಳ್ಳೋಣ. ಪ್ರತಿಯೊಂದು ನಮೂದಿನಲ್ಲಿಯೂ ಗರಿಗಳ ಸಂಖ್ಯೆ ಮತ್ತು ಒಂದು ಗರಿಯಲ್ಲಿರುವ ಪಂಕ್ತಿಗಳ ಸಂಖ್ಯೆ ಇವೆ. (ಈ ಅಂಶಗಳಿಗೆ ‘ಗರಿ’, ‘ಪಂಕ್ತಿ’ ಎಂದು ಕನ್ನಡದಲ್ಲಿಯೇ ಹೆಸರಿಡಬಹುದು, ಎಕ್ಸ್‌ಎಂಎಲ್ ಅದಕ್ಕೆ ಎಡೆ ಮಾಡಿಕೊಟ್ಟಿದೆ, ಬಳಸುವವರು ವಿರಳವೆಂಬುದು ಬೇರೆ ಮಾತು.) ಇಡೀ ಸಂಗ್ರಹದಲ್ಲಿ ಒಟ್ಟು ಎಷ್ಟು ಪಂಕ್ತಿಗಳಿವೆ? ಪ್ರತಿ ನಮೂದಿನಲ್ಲಿಯೂ ಗುಣಿಸಿ, ಗುಣಲಬ್ಧಗಳನ್ನು ಕೂಡಬೇಕು. ಭಾಷೆಯಲ್ಲಿ ‘ಸಮ್’ ಎಂಬ ಸಂಕಲನ ಸಾಧನವೇನೋ ಉಂಟು. ಆದರೆ ಮೊದಲ ಆವೃತ್ತಿಯಲ್ಲಿ ಅದು ದಾಖಲೆಯಲ್ಲಿ ಬರೆದಿರುವ ಸಂಖ್ಯೆಗಳನ್ನು ಮಾತ್ರ ಕೂಡಬಲ್ಲುದು; ಗುಣಲಬ್ಧಗಳಾದರೋ ದಾಖಲೆಯಲ್ಲಿ ಎಲ್ಲಿಯೂ ಇಲ್ಲ.

ಆಗ ಮನಸ್ಸು ಸಹಜವಾಗಿ ‘ಫಾರ್-ಈಚ್’ ಎಂಬ ಅಂಗದ ಕಡೆಗೆ ಹರಿಯುತ್ತದೆ. ನಾವು ಹೊರಗೆ ‘ಮೊತ್ತ’ವೆಂಬ ಚರಾಂಶಕ್ಕೆ ಸೊನ್ನೆಯನ್ನು ಕೊಟ್ಟು, ಒಳಗೆ ಪ್ರತಿ ನಮೂದಿನಲ್ಲಿಯೂ ಅದೇ ಹೆಸರಿನಲ್ಲಿ ಹೊಸ ಮೊತ್ತವನ್ನು ಬರೆದೆವು. ಯಾವ ದೋಷಸೂಚನೆಯೂ ಬರಲಿಲ್ಲ. ಉತ್ತರ ಮಾತ್ರ ಸೊನ್ನೆ. ಕಾರಣ ಇಷ್ಟೆ: ಇಲ್ಲಿ ಚರಾಂಶವೆಂಬುದು ಹೆಸರಿಗೆ ಮಾತ್ರ ಚರ. ಒಮ್ಮೆ ಬೆಲೆ ಪಡೆದ ಮೇಲೆ ಅದು ಬದಲಾಗದು. ಒಳಗಿನ ‘ಮೊತ್ತ’ ಬೇರೆಯೇ ಒಂದು. ಆ ನಮೂದಿನೊಡನೆ ಹುಟ್ಟಿ ಅದರೊಡನೆಯೇ ಅಳಿಯುತ್ತದೆ. ‘ಫಾರ್-ಈಚ್’ ತಿರುಗುವ ಚಕ್ರವಲ್ಲ. ಪ್ರತಿ ನಮೂದಿಗೂ ಪ್ರತ್ಯೇಕವಾಗಿ, ಹಿಂದಿನದರ ನೆನಪಿಲ್ಲದೆ, ಒಂದೇ ವಿಧಿಯನ್ನು ಅನ್ವಯಿಸುವುದಷ್ಟೆ ಅದರ ಕೆಲಸ.

ನೆನಪನ್ನು ಒಯ್ಯಬೇಕಾದರೆ ಪುನರಾಹ್ವಾನವೇ ಮಾರ್ಗ. ‘ಟೆಂಪ್ಲೇಟ್’ ಎಂಬ ಅಚ್ಚೊಂದಕ್ಕೆ ಹೆಸರಿಟ್ಟು, ಮೊದಲ ನಮೂದಿನ ಗುಣಲಬ್ಧವನ್ನು ಈವರೆಗಿನ ಮೊತ್ತಕ್ಕೆ ಕೂಡಿಸಿ, ಉಳಿದ ನಮೂದುಗಳೊಡನೆ ಅದೇ ಅಚ್ಚನ್ನು ಮತ್ತೆ ಕರೆಯುವುದು. ನಮೂದುಗಳು ಮುಗಿದಾಗ ಮೊತ್ತವನ್ನು ಒಪ್ಪಿಸುವುದು. 1000 ನಮೂದುಗಳಿಗೆ ಇದು ಸರಿಯಾಗಿ ನಡೆಯಿತು. ನಮೂದುಗಳು 4096 ಆದಾಗ ಕೆಲಸ ಅರ್ಧದಲ್ಲಿ ನಿಂತಿತು. ನಾವು ಬಳಸಿದ್ದು ಲಿಬ್‌ಎಕ್ಸ್‌ಎಸ್‌ಎಲ್‌ಟಿ ಎಂಬ ಉಚಿತ ಸಾಧನ. ಕರೆಯೊಳಗಿನ ಕರೆಯ ಆಳ 3000ವನ್ನು ಮೀರಿದರೆ ಅದು ಅನಂತ ಆವರ್ತನವೆಂದು ಶಂಕಿಸಿ ನಿಲ್ಲಿಸುತ್ತದೆ. ಆ ಮಿತಿಯನ್ನು ಏರಿಸಲು ಅವಕಾಶವಿದೆ. ಆದರೆ ಸೂಚಿ ಬೆಳೆದಂತೆಲ್ಲ ಏರಿಸುತ್ತಲೇ ಹೋಗುವುದು ಉಪಾಯವೆನಿಸದು.

ಇಲ್ಲಿ ರೇಖಾಚಿತ್ರ ನೆರವಿಗೆ ಬಂತು. ಎಟಿ ಆ್ಯಂಡ್ ಟಿ ಸಂಸ್ಥೆಯ ಸಂಶೋಧನಾಲಯಗಳಲ್ಲಿ ಹುಟ್ಟಿ ಈಗ ಮುಕ್ತವಾಗಿ ದೊರೆಯುವ ಗ್ರಾಫ್‌ವಿಜ್ ಎಂಬ ಸಾಧನಕ್ಕೆ ಚಿತ್ರವನ್ನು ಕೈಯಿಂದ ಬರೆದುಕೊಡಬೇಕಾಗಿಲ್ಲ. ‘ಇದರಿಂದ ಅದಕ್ಕೆ ಬಾಣ’ ಎಂಬ ಸಾಲುಗಳನ್ನು ‘ಡಾಟ್’ ಭಾಷೆಯಲ್ಲಿ ಕೊಟ್ಟರೆ ವಿನ್ಯಾಸವನ್ನು ಅದೇ ನಿರ್ಣಯಿಸುತ್ತದೆ. ಶೈಲಿಪತ್ರವೂ ಸ್ವತಃ ಎಕ್ಸ್‌ಎಂಎಲ್ ದಾಖಲೆಯಾದುದರಿಂದ ಅದನ್ನು ಓದಿ ಈ ಸಾಲುಗಳನ್ನು ಬರೆಯಲು ಇನ್ನೊಂದು ಪುಟ್ಟ ಶೈಲಿಪತ್ರವೇ ಸಾಕು: ಪ್ರತಿ ಅಚ್ಚಿಗೆ, ಅದರೊಳಗಿನ ಪ್ರತಿ ‘ಕಾಲ್-ಟೆಂಪ್ಲೇಟ್’ಗೆ, ಒಂದೊಂದು ಸಾಲು. ‘ಫಾರ್-ಈಚ್’ಗೆ ಇದು ತವರುಮನೆಯಂಥ ಕೆಲಸ, ಇಲ್ಲಿ ನೆನಪಿನ ಅಗತ್ಯವೇ ಇಲ್ಲವಷ್ಟೆ. ಆದರೆ ‘ಅಪ್ಲೈ-ಟೆಂಪ್ಲೇಟ್ಸ್’ ಯಾವ ಅಚ್ಚನ್ನು ಮುಟ್ಟುವುದೆಂಬುದು ದತ್ತಾಂಶವನ್ನು ಅವಲಂಬಿಸಿದೆ. ಅದಕ್ಕೆ ಬಾಣ ಹಾಕಿದರೆ ಅದು ಊಹೆಯ ಬಾಣ.

ನಮ್ಮ ಅಚ್ಚಿನ ಚಿತ್ರದಲ್ಲಿ ತನ್ನಿಂದ ತನಗೇ ಮರಳುವ ಬಾಣ ಒಂದೇ ಒಂದು ಇದ್ದಿತು. ಒಂದೇ ಬಾಣವೆಂದರೆ ಸರಪಳಿ: ನಮೂದುಗಳೆಷ್ಟೋ ಆಳವೂ ಅಷ್ಟು. ಎರಡು ಬಾಣಗಳಿದ್ದರೆ? ನಮೂದುಗಳನ್ನು ಸಮವಾಗಿ ಇಬ್ಭಾಗಿಸಿ, ಎರಡು ಅರ್ಧಗಳಿಗೂ ಅಚ್ಚನ್ನು ಬೇರೆ ಬೇರೆಯಾಗಿ ಕರೆದು, ಬಂದ ಮೊತ್ತಗಳನ್ನು ಕೂಡಿಸಿದೆವು. 8 ನಮೂದುಗಳಿಗೆ ಕರೆಗಳನ್ನು ಬಿಡಿಸಿ ಬರೆದರೆ 15 ಗಂಟುಗಳ, 4 ಅಂತಸ್ತುಗಳ ಮರ ಕಾಣುತ್ತದೆ. 4096 ನಮೂದುಗಳಿಗೆ ಕರೆಗಳು 8191. ಸರಪಳಿಯಲ್ಲಿದ್ದುದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ. ಆಳವಾದರೋ 13 ಮಾತ್ರ. ಚಿತ್ರ ಬರೆಯುವವರು ಡಾಟ್ ಭಾಷೆಯ ‘ಸ್ಟ್ರಿಕ್ಟ್’ ಎಂಬ ಪದವನ್ನು ಇಲ್ಲಿ ಸೇರಿಸಬಾರದು. ಅದು ಒಂದೇ ಜೋಡಿಯ ನಡುವಣ ಬಾಣಗಳನ್ನೆಲ್ಲ ಒಂದಾಗಿಸುವುದರಿಂದ ಸರಪಳಿಗೂ ಮರಕ್ಕೂ ಚಿತ್ರದಲ್ಲಿ ಭೇದವೇ ಉಳಿಯದು.

2007ರ ಎರಡನೆಯ ಆವೃತ್ತಿಯಲ್ಲಿ ಗುಣಲಬ್ಧಗಳ ಸಂಕಲನ ಒಂದೇ ಉಕ್ತಿಯಲ್ಲಿ ಮುಗಿಯುತ್ತದೆ. 2017ರ ಮೂರನೆಯದರಲ್ಲಿ ಒಂದು ನಮೂದಿನಿಂದ ಮುಂದಿನದಕ್ಕೆ ಬೆಲೆಯನ್ನು ಒಯ್ಯುವ ‘ಇಟರೇಟ್’ ಎಂಬ ಅಂಗವೇ ಸೇರಿದೆ. ಮೈಕೇಲ್ ಕೇ ಅವರ ಸ್ಯಾಕ್ಸನ್ನಿನ ಉಚಿತ ರೂಪದಲ್ಲಿ ಇವೆರಡೂ ದೊರೆಯುತ್ತವೆ. ಲಿಬ್‌ಎಕ್ಸ್‌ಎಸ್‌ಎಲ್‌ಟಿ ಅನುಸರಿಸುವುದು ಮೊದಲ ಆವೃತ್ತಿಯನ್ನೇ ಆದುದರಿಂದ, ಅದನ್ನು ನೆಚ್ಚಿದ ಸೂಚಿಗಳಲ್ಲಿ ನಾವು ಇಬ್ಭಾಗದ ಅಚ್ಚನ್ನೇ ಉಳಿಸಿಕೊಂಡಿದ್ದೇವೆ.