ಹಗ್ಗವೂ ಉಂಟು, ಹಾವೂ ಉಂಟು

ಮುಂಬಯಿಯಲ್ಲಿ ನಮ್ಮವರು ನಡೆಸುವ ಹೋಟೆಲುಗಳಲ್ಲಿ ಗಲ್ಲಾದ ಮೇಲ್ಗಡೆ ಕಡೆಗೋಲು ಕೃಷ್ಣನ ಪಟವಿರುವುದನ್ನು ವಾಚಕರು ಬಲ್ಲರು. ಆ ಮೂರ್ತಿಯನ್ನು ಉಡುಪಿಯಲ್ಲಿ ಪ್ರತಿಷ್ಠಾಪಿಸಿದವರು 13ನೆಯ ಶತಮಾನದ ಶ್ರೀ ಮಧ್ವಾಚಾರ್ಯರು. ಅವರು ಅದ್ವೈತಮತಕ್ಕೆ ಎತ್ತಿದ ಆಕ್ಷೇಪಗಳಾವುವೆಂದು ಕೇಳಿದರೆ ಮಾತ್ರ, 'ಇವರದು ಭೇದ, ಅವರದು ಅಭೇದ' ಎಂಬಲ್ಲಿಗೆ ನಮ್ಮಲ್ಲಿ ಬಹುಮಂದಿಯ ಉತ್ತರವು ಮುಗಿಯುತ್ತದೆ. ಗಲ್ಲಾದ ಮುಂದೆ ಚಿಲ್ಲರೆ ಎಣಿಸಿ ಬಂದ ನಾವು ಪಂಡಿತರಲ್ಲ, ಎಸ್.ಎಸ್.ಎಲ್.ಸಿ.ಯ ಆಚೆಗೆ ಓದಿದವರೂ ಅಲ್ಲ. ಆದರೂ ಈ ವಾದವನ್ನು ಪಂಡಿತರಿಗಷ್ಟೇ ಬಿಟ್ಟುಕೊಡಬಾರದೆಂದು ನಮ್ಮ ಎಣಿಕೆ.

ಬ್ರಹ್ಮವೊಂದೇ ಸತ್ಯ, ಜಗತ್ತು ಮಿಥ್ಯೆ, ಜೀವನು ಬ್ರಹ್ಮವೇ ಎಂಬುದು ಶ್ರೀ ಶಂಕರರ ಸಿದ್ಧಾಂತ. ಮಿಥ್ಯೆಯೆಂದರೆ ಮೊಲದ ಕೊಂಬಿನಂತೆ ಇಲ್ಲವೇ ಇಲ್ಲವೆಂದಲ್ಲ. ಜ್ಞಾನವುದಿಸುವ ತನಕ ತೋರಿ, ಬಳಿಕ ಬಾಧಿತವಾಗುವುದೆಂದು. ಸಂಬಳದ ದಿನ ಮಾತ್ರ 'ಎಲ್ಲವೂ ಮಾಯೆಯಪ್ಪಾ' ಎನ್ನುವ ಧಣಿಗಳನ್ನು ನಾವು ಕಂಡಿದ್ದೇವೆ. ಆ ಅಪವಾದವನ್ನು ಶಂಕರರ ಮೇಲೆ ಹೊರಿಸುವುದು ನ್ಯಾಯವಲ್ಲ.

ಮೇಲುಕೋಟೆಯಲ್ಲಿ ನೆಲಸಿದ್ದ ಶ್ರೀ ರಾಮಾನುಜರು ಶ್ರೀಭಾಷ್ಯದಲ್ಲಿ ಈ ಅವಿದ್ಯೆಯ ಮೇಲೆಯೇ 7 ಅನುಪಪತ್ತಿಗಳನ್ನು ಒಡ್ಡಿದರು. ಅವುಗಳಲ್ಲಿ ಮೊದಲನೆಯದೇ ಸಾಕು: ಅವಿದ್ಯೆಯು ಯಾರದು? ಜೀವನದೆನ್ನೋಣವೆಂದರೆ ಜೀವನೇ ಅವಿದ್ಯೆಯಿಂದ ತೋರಿದವನು. ಬ್ರಹ್ಮದ್ದೆನ್ನೋಣವೆಂದರೆ ಜ್ಞಾನಸ್ವರೂಪಕ್ಕೆ ಅಜ್ಞಾನವೆಲ್ಲಿಯದು?

ಮಧ್ವರು ಅದ್ವೈತಿಗಳ ದೃಷ್ಟಾಂತವನ್ನೇ ಹಿಡಿದರು. ಹಗ್ಗವನ್ನು ಹಾವೆಂದು ಭ್ರಮಿಸಬೇಕಾದರೆ ಹಗ್ಗವೊಂದು ನಿಜವಾಗಿ ಇರಬೇಕು. ನಿಜವಾದ ಹಾವೂ ಲೋಕದಲ್ಲಿ ಎಲ್ಲಿಯಾದರೂ ಇರಬೇಕು. ಅವೆರಡಕ್ಕೆ ಹೋಲಿಕೆಯೂ ಇರಬೇಕು. ಹಾಗಾದರೆ ಜಗತ್ತೆಲ್ಲವೂ ಭ್ರಮೆಯೆನ್ನಲು ಬೇರೆ ನಿಜವಾದ ಜಗತ್ತು ಬೇಡವೆ? ಅದಲ್ಲದೆ ಸುಖದುಃಖಗಳನ್ನು ನೇರವಾಗಿ ಅರಿಯುವ ಸಾಕ್ಷಿಯು ನಮ್ಮೊಳಗಿದೆ, ಅದರ ತೀರ್ಮಾನ ಎಂದಿಗೂ ಸುಳ್ಳಾಗದೆಂದು ಅವರು ಸಾಧಿಸಿದರು. ಒಲೆಯ ಮುಂದೆ ಹತ್ತು ತಾಸು ನಿಂತ ಅಡಿಗೆಯವನ ಬೆನ್ನುನೋವು ಯಾವ ಜ್ಞಾನದಿಂದಲೂ 'ಆಗಿರಲೇ ಇಲ್ಲ' ಎಂದಾಗದು. ನಮ್ಮ ವಾಚಕರಿಗೆ ಈ ಮಾತಿನ ಬೆಲೆಯನ್ನು ವಿವರಿಸಬೇಕಾಗಿಲ್ಲ.

ವಿಜಯನಗರದಲ್ಲಿ ಮಾನ್ಯರಾಗಿದ್ದು 1539ರಲ್ಲಿ ಬೃಂದಾವನಸ್ಥರಾದ ಶ್ರೀ ವ್ಯಾಸರಾಯರು, ಪುರಂದರದಾಸರ ಗುರುಗಳು, 'ನ್ಯಾಯಾಮೃತ'ದಲ್ಲಿ ಇನ್ನೂ ಬಿಗಿಯಾದ ಪ್ರಶ್ನೆಯನ್ನು ಕೇಳಿದರು. ಜಗತ್ತು ಮಿಥ್ಯೆಯಷ್ಟೆ, ಆ ಮಿಥ್ಯಾತ್ವವು ಸತ್ಯವೋ, ಮಿಥ್ಯೆಯೋ? ಸತ್ಯವಾದರೆ ಬ್ರಹ್ಮದ ಜೊತೆಗೆ ಎರಡನೆಯ ಸತ್ಯವೊಂದು ಬಂದು ಅದ್ವೈತವು ಹೋಯಿತು. ಮಿಥ್ಯೆಯಾದರೆ ಜಗತ್ತು ಸತ್ಯವೆಂದಾಯಿತು!

ಭಕ್ತನಿಗಂತೂ ಇದು ಬರಿಯ ತರ್ಕವಲ್ಲ. ಊರಲ್ಲಿ ತಾಯಿ ಹಾಸಿಗೆ ಹಿಡಿದಿರುವಾಗ ಇಲ್ಲಿ ದೇವರಿಗೆ ಹರಕೆ ಹೊರುವ ಹುಡುಗನಿಗೆ ಕೇಳುವವನೊಬ್ಬನು ಬೇರೆ ಇರಲೇಬೇಕು. ಕೊನೆಗೆ ಆ ಕೇಳುವವನೂ ತಾನೇ ಎಂದಾದರೆ ಹರಕೆ ಯಾರಿಗೆ? ಇಷ್ಟರಲ್ಲಿ ನಮ್ಮ ಮನಸ್ಸು ಆಚಾರ್ಯರ ಪಕ್ಷದಲ್ಲಿದೆ. ಆದರೆ ಅವರದೇ ಮತದಲ್ಲಿ ಕೆಲವು ಜೀವರು ಸ್ವಭಾವದಿಂದಲೇ ನಿತ್ಯನರಕಕ್ಕೆ ಯೋಗ್ಯರೆಂಬ ಭಾಗವಿದೆಯಲ್ಲ, ಅದು ನಮ್ಮ ಗಂಟಲಿನಲ್ಲಿ ಇಳಿಯದು. ಹುಟ್ಟಿದವರಲ್ಲಿ ಯಾರಿಗೂ ಬಾಗಿಲು ಮುಚ್ಚಿಲ್ಲವೆಂಬ ಅದ್ವೈತದ ಮಾತು ಅಲ್ಲಿ ಹೆಚ್ಚು ಹಿತವೆನಿಸುತ್ತದೆ.

ವ್ಯಾಸರಾಯರಿಗೆ ಕಾಶಿಯಲ್ಲಿದ್ದ ವಂಗದೇಶದ ಮಧುಸೂದನ ಸರಸ್ವತಿಗಳು 'ಅದ್ವೈತಸಿದ್ಧಿ'ಯಲ್ಲಿ ಮಾತಿಗೆ ಮಾತು ಉತ್ತರವಿತ್ತರು. ಕನಸಿನಲ್ಲಿ ಕಂಡ ಆನೆಯೂ, ಕನಸಿನಲ್ಲಿಯೇ ಕಂಡ ಆನೆಯ ಅಭಾವವೂ ಎಚ್ಚರವಾದಾಗ ಒಟ್ಟಿಗೆ ಹೋಗುವಂತೆ, ಜಗತ್ತೂ ಅದರ ಮಿಥ್ಯಾತ್ವವೂ ಒಂದೇ ಜ್ಞಾನದಿಂದ ಬಾಧಿತವೆಂದು ಅವರ ಸಮಾಧಾನ. ಅದಕ್ಕೆ ಮಾಧ್ವರಾದ ರಾಮಾಚಾರ್ಯರು 'ತರಂಗಿಣಿ'ಯನ್ನು ಬರೆದರು. ತರಂಗಿಣಿಗೆ ಬ್ರಹ್ಮಾನಂದರು ಮರುತ್ತರವನ್ನಿತ್ತರು. ವಾದವು ಹೀಗೆ ತಲೆಮಾರುಗಳನ್ನು ದಾಟಿ ನಡೆಯಿತು. ಇದರಲ್ಲಿ ನಮಗೆ ಅತ್ಯಂತ ಪ್ರಿಯವಾದ ಸಂಗತಿಯೆಂದರೆ, ಭೇದವಾದವನ್ನು ಅಷ್ಟು ಬಲವಾಗಿ ಖಂಡಿಸಿದ ಆ ಮಧುಸೂದನರು ಪರಮ ಕೃಷ್ಣಭಕ್ತರಾಗಿದ್ದರು. ಭಕ್ತಿಯನ್ನು ಕುರಿತೇ 'ಭಕ್ತಿರಸಾಯನ'ವೆಂಬ ಗ್ರಂಥವನ್ನೂ ರಚಿಸಿದರು.