406ರ ಹಬ್ಬ, 97ರ ಬ್ಯಾಂಡೇಜು

ಮಂಡಿಪೇಟೆಯ ಅಂಗಡಿ ಸಾಲಿನಲ್ಲೋ, ಕುಣಿಗಲ್ ಬಸ್ಸಿನಲ್ಲೋ ಅರವತ್ತು ದಾಟಿದ ಕ್ರಿಕೆಟ್ ಹುಚ್ಚರು ಸಿಕ್ಕರೆ ಸುಮ್ಮನೆ '1976' ಅಂದು ನೋಡಿ. ತಟ್ಟನೆ '406' ಅಂತಾರೆ. ವೆಸ್ಟ್ ಇಂಡೀಸ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ಭಾರತ ನಾಲ್ಕೇ ವಿಕೆಟ್ ಕಳೆದುಕೊಂಡು ಹೊಡೆದು ಗೆದ್ದ ಮೊತ್ತ ಅದು. ಅದೇ ಪ್ರವಾಸದ ಇನ್ನೊಂದು ಅಂಕಿ 97. ಅದನ್ನು ಕೇಳಿದರೆ ಮಾತ್ರ ಬಹಳ ಜನ ತಲೆ ಕೆರೆದುಕೊಳ್ತಾರೆ.

ಈ ಎರಡು ಅಂಕಿಗಳ ನಡುವೆ ಇರೋದು ಬರೀ ಹದಿಮೂರು ದಿನ. ಏಪ್ರಿಲ್ 12ರಂದು ಹಬ್ಬ, 25ರಂದು ಆಸ್ಪತ್ರೆ. ವರ್ಷದ ಕೊನೆಗೆ ಲೆಕ್ಕದ ಪುಸ್ತಕ ತೆಗೆದು ಲಾಭದ ಪುಟ ಮಾತ್ರ ಓದಿ, ನಷ್ಟದ ಪುಟ ಮಡಚಿಟ್ಟರೆ ಅದನ್ನು ಲೆಕ್ಕ ಅಂತ ಯಾವ ವ್ಯಾಪಾರಿ ಒಪ್ತಾನೆ? ಆ ಪ್ರವಾಸದ ಎರಡೂ ಪುಟ ಓದಬೇಕಾದ ಕಾರಣ ಇವತ್ತಿಗೂ ಇದೆ. ಆ ಕಾರಣ ತುಮಕೂರು, ಗುಬ್ಬಿ, ಕುಣಿಗಲ್ ಮೈದಾನಗಳಲ್ಲೇ ಓಡಾಡಿಕೊಂಡಿದೆ.

ನಮ್ಮವರೇ ಐವರು

ಆ ಸಲದ ಪ್ರವಾಸ ಒಂದು ದೇಶದ್ದಲ್ಲ, ಎರಡು ದೇಶದ್ದು. ಮೊದಲು ನ್ಯೂಜಿಲೆಂಡ್‌ನಲ್ಲಿ ಮೂರು ಟೆಸ್ಟ್, ಅಲ್ಲಿಂದ ಭೂಮಿಯ ಇನ್ನೊಂದು ಮಗ್ಗುಲಿಗೆ ಹೋಗಿ ವೆಸ್ಟ್ ಇಂಡೀಸ್‌ನಲ್ಲಿ ನಾಲ್ಕು. ಮೊದಲ ಟೆಸ್ಟ್ ಶುರುವಾದದ್ದು ಜನವರಿ 24ಕ್ಕೆ, ಕೊನೆಯದು ಮುಗಿದದ್ದು ಏಪ್ರಿಲ್ 25ಕ್ಕೆ. ಲೆಕ್ಕ ಹಾಕಿದರೆ 93 ದಿನ. ತಂಡದ ನಾಯಕ ಬಿಷನ್ ಸಿಂಗ್ ಬೇಡಿ.

ಆ ತಂಡದಲ್ಲಿ ಟೆಸ್ಟ್ ಆಡಿದ ಕರ್ನಾಟಕದವರು ಐದು ಜನ: ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್, ಸಯ್ಯದ್ ಕಿರ್ಮಾನಿ, ಇ.ಎ.ಎಸ್. ಪ್ರಸನ್ನ, ಬಿ.ಎಸ್. ಚಂದ್ರಶೇಖರ್. 1974ರಲ್ಲಿ ಕರ್ನಾಟಕಕ್ಕೆ ಮೊಟ್ಟಮೊದಲ ರಣಜಿ ಟ್ರೋಫಿ ತಂದುಕೊಟ್ಟ ಕಾಲದ ಹುಡುಗರು.

ಇವರಲ್ಲಿ ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. ನಮ್ಮ ಬಿ.ಎಚ್. ರಸ್ತೆಯಲ್ಲಿ ನಿಂತು ಬಸ್ ಹತ್ತಿದರೆ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ತರೀಕೆರೆ, ಆಮೇಲೆ ಸೀದಾ ಭದ್ರಾವತಿ. ಒಂದೇ ರಸ್ತೆಯ ನಂಟು! ಮೈಸೂರಿನಲ್ಲಿ ಹುಟ್ಟಿದ ಚಂದ್ರಶೇಖರ್ ಅವರದು ಬೇರೆಯೇ ಕಥೆ. ಚಿಕ್ಕಂದಿನಲ್ಲೇ ಪೋಲಿಯೋ ಬಂದು ಬಲಗೈ ಸೊರಗಿತ್ತು. ಅದೇ ಕೈಯಲ್ಲಿ ಚೆಂಡು ತಿರುಗಿಸಿ ಜಗತ್ತಿನ ದಾಂಡಿಗರನ್ನು ತಬ್ಬಿಬ್ಬು ಮಾಡಿದ ಆಸಾಮಿ. ಇಬ್ಬರಿಗೂ ಹೊಟ್ಟೆಪಾಡಿಗೆ ಬ್ಯಾಂಕ್ ನೌಕರಿ. ವಿಶ್ವನಾಥ್ ಸ್ಟೇಟ್ ಬ್ಯಾಂಕ್‌ನಲ್ಲಿ, ಚಂದ್ರಶೇಖರ್ ಸಿಂಡಿಕೇಟ್ ಬ್ಯಾಂಕ್‌ನಲ್ಲಿ. ಆಟದಿಂದಲೇ ಕೋಟಿ ಎಣಿಸುವ ಕಾಲ ಇನ್ನೂ ಬಂದಿರಲಿಲ್ಲ.

ಪ್ರಸನ್ನ ಅವರಿಗಂತೂ ಪ್ರವಾಸದ ಬೆಲೆ ಮೊದಲೇ ಗೊತ್ತಿತ್ತು. 1962ರಲ್ಲಿ ವೆಸ್ಟ್ ಇಂಡೀಸ್‌ಗೆ ಹೋಗಿ ಬಂದವರು ಇಂಜಿನಿಯರಿಂಗ್ ಓದು ಮುಗಿಸಬೇಕು ಅಂತ ಆಟ ಬದಿಗಿಟ್ಟರು. ಮತ್ತೆ ಟೆಸ್ಟ್ ಆಡಲು ಸುಮಾರು ಐದು ವರ್ಷ ಹಿಡಿಯಿತು. ಕಿರ್ಮಾನಿ 1971ರಲ್ಲೂ 1974ರಲ್ಲೂ ಇಂಗ್ಲೆಂಡ್‌ಗೆ ಹೋಗಿದ್ದರು, ಆದರೆ ಒಂದು ಟೆಸ್ಟೂ ಆಡದೆ ವಾಪಸ್ಸಾಗಿದ್ದರು. ಪೆಟ್ಟಿಗೆ ಹೊತ್ತು ಸಮುದ್ರ ದಾಟಿ, ಇನ್ನೊಬ್ಬರ ಆಟ ನೋಡಿ ಬರುವುದೂ ಪ್ರವಾಸವೇ ತಾನೆ?

ಸಂಜೆ ಪತ್ರಿಕೆಗೆ ಸುಗ್ಗಿ

ನ್ಯೂಜಿಲೆಂಡ್ ಗಡಿಯಾರ ಆಗ ನಮಗಿಂತ ಏಳೂವರೆ ತಾಸು ಮುಂದೆ. ಇಲ್ಲಿ ಕೋಳಿ ಕೂಗೋ ಹೊತ್ತಿಗೆ ಅಲ್ಲಿ ಆಟ ಶುರು, ಇಲ್ಲಿ ಮಧ್ಯಾಹ್ನದ ಊಟದೊಳಗೆ ಮುಗಿತಾಯ. ಆವತ್ತಿನ ಆಟದ ಸುದ್ದಿ ಆವತ್ತೇ ಸಂಜೆ ಪತ್ರಿಕೆಗೆ! ವೆಸ್ಟ್ ಇಂಡೀಸ್ ಲೆಕ್ಕ ತಿರುಗುಮುರುಗು. ಟ್ರಿನಿಡಾಡ್ ಗಡಿಯಾರ ನಮಗಿಂತ ಒಂಬತ್ತೂವರೆ ತಾಸು ಹಿಂದೆ. ರಾತ್ರಿ ಇಲ್ಲಿ ಅಂಗಡಿ ಬಾಗಿಲು ಹಾಕೋ ವೇಳೆಗೆ ಅಲ್ಲಿ ಆಟ ಶುರುವಾಗಿ, ನಡುರಾತ್ರಿ ದಾಟಿ ಮುಗಿಯೋದು. ಟಿ.ವಿ. ನಮ್ಮ ಕಡೆ ಬಂದಿರಲಿಲ್ಲ. ಬೆಂಗಳೂರಿಗೇ ದೂರದರ್ಶನ ಬಂದದ್ದು 1981ಕ್ಕೆ. ರೇಡಿಯೋ ವಾರ್ತೆಯಲ್ಲಿ ಎರಡು ಸಾಲು, ಪತ್ರಿಕೆಯಲ್ಲಿ ಸ್ಕೋರಿನ ಪಟ್ಟಿ, ಅಷ್ಟೇ.

ಆಕ್ಲೆಂಡ್‌ನ ಮೊದಲ ಟೆಸ್ಟ್‌ಗೆ ಬೇಡಿ ಇರಲಿಲ್ಲ, ಗವಾಸ್ಕರ್ ನಾಯಕ. ನ್ಯೂಜಿಲೆಂಡ್‌ನ ಮೊದಲ ಸರದಿಯಲ್ಲಿ ಚಂದ್ರಶೇಖರ್ 94 ಓಟ ಕೊಟ್ಟು ಆರು ವಿಕೆಟ್ ಕಿತ್ತರು. ಎರಡನೇ ಸರದಿಯಲ್ಲಿ ಪ್ರಸನ್ನ 76ಕ್ಕೆ ಎಂಟು! ಭಾರತಕ್ಕೆ ಎಂಟು ವಿಕೆಟ್ ಜಯ. ಕಾದು ಕಾದು ಸುಸ್ತಾಗಿದ್ದ ಕಿರ್ಮಾನಿಗೆ ಅಲ್ಲೇ ಮೊದಲ ಟೆಸ್ಟ್. ಮುಂದಿನ ಕ್ರೈಸ್ಟ್‌ಚರ್ಚ್ ಟೆಸ್ಟ್‌ನ ಒಂದೇ ಸರದಿಯಲ್ಲಿ ವಿಕೆಟ್ ಹಿಂದೆ ಆರು ಜನರನ್ನು ಬಲಿ ಹಾಕಿ ಆಗಿನ ವಿಶ್ವ ದಾಖಲೆ ಸರಿಗಟ್ಟಿದರು. ಆ ಆಟ ಡ್ರಾ. ವೆಲಿಂಗ್ಟನ್‌ನಲ್ಲಿ ಮಾತ್ರ ರಿಚರ್ಡ್ ಹ್ಯಾಡ್ಲಿ 23 ಓಟಕ್ಕೆ ಏಳು ವಿಕೆಟ್ ಉರುಳಿಸಿ ಭಾರತವನ್ನು 81ಕ್ಕೆ ಮುಗಿಸಿದರು. ಸರಣಿ 1-1.

ಗುಬ್ಬಿಯ ಮೊಕ್ಕಾಂ, ಕುಣಿಗಲ್ ಕುದುರೆ

ತಿಂಗಳುಗಟ್ಟಲೆ ಮನೆ ಬಿಟ್ಟು ಊರೂರು ತಿರುಗುವ ಕಷ್ಟ ಗುಬ್ಬಿಯವರಿಗೆ ಹೊಸದಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ, ಆಮೇಲೆ ವೀರಣ್ಣನವರ ಕಾಲದಲ್ಲಿ ನಾಡಿಗೆಲ್ಲ ಹೆಸರಾದದ್ದು ಮೊಕ್ಕಾಂ ಮೇಲೆ ಮೊಕ್ಕಾಂ ಹೂಡಿಯೇ. ಆದರೆ ನಾಟಕದ ಕಂಪನಿಗೆ ಒಂದು ಅನುಕೂಲ. ಒಂದೂರಿಗೆ ಹೋದರೆ ಜನ ಬರುವಷ್ಟು ದಿನ ಅಲ್ಲೇ ನೆಲೆ. ಪಾತ್ರಧಾರಿಗೆ ಜ್ವರ ಬಂದರೆ ಇನ್ನೊಬ್ಬ ಬಣ್ಣ ಹಚ್ಚಿ ನಿಲ್ತಾನೆ, ಆವತ್ತಿನ ಆಟ ನಡೆದುಹೋಗುತ್ತೆ. ಕ್ರಿಕೆಟ್‌ನಲ್ಲಿ ಪೆಟ್ಟಾದವನ ಬದಲು ಕ್ಷೇತ್ರರಕ್ಷಣೆಗೆ ಇನ್ನೊಬ್ಬ ಬರಬಹುದು, ಬ್ಯಾಟ್ ಹಿಡಿಯೋ ಹಾಗಿರಲಿಲ್ಲ.

ಕುಣಿಗಲ್‌ನವರನ್ನು ಕೇಳಿದರೆ ಇನ್ನೊಂದು ಮಾತು. ಟಿಪ್ಪುವಿನ ಕಾಲದಿಂದ ಕುದುರೆ ಸಾಕಿ ಹೆಸರಾದ ಊರು ಅದು. ದೂರದಿಂದ ಬಂದ ಕುದುರೆಯನ್ನು ಇಳಿಸಿದ ತಕ್ಷಣ ಪಂದ್ಯಕ್ಕೆ ಬಿಡೋದಿಲ್ಲ. ನೀರು ಒಗ್ಗಬೇಕು, ಮೈ ಹದಕ್ಕೆ ಬರಬೇಕು. ನಮ್ಮ ಆಟಗಾರರಿಗೆ ಆ ಪುರಸೊತ್ತೂ ಕಡಿಮೆ. ವೆಲಿಂಗ್ಟನ್ ಟೆಸ್ಟ್ ಮುಗಿದದ್ದು ಫೆಬ್ರವರಿ 17ಕ್ಕೆ, ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಟೆಸ್ಟ್ ಶುರುವಾದದ್ದು ಮಾರ್ಚ್ 10ಕ್ಕೆ. ಮೂರೇ ವಾರದಲ್ಲಿ ಹಗಲು ರಾತ್ರಿಯೇ ಅದಲು ಬದಲು! ಬ್ರಿಜ್‌ಟೌನ್‌ನಲ್ಲಿ ಇನ್ನಿಂಗ್ಸ್ ಮತ್ತು 97 ಓಟದ ಸೋಲು. ಪೋರ್ಟ್ ಆಫ್ ಸ್ಪೇನ್‌ನ ಎರಡನೇ ಟೆಸ್ಟ್‌ನಲ್ಲಿ ಗವಾಸ್ಕರ್ 156, ಬ್ರಿಜೇಶ್ ಪಟೇಲ್ ಔಟಾಗದೆ 115. ಗೆಲುವು ಕೈಗೆಟುಕುವಷ್ಟರಲ್ಲಿ ಡ್ರಾ.

403 ಬೇಕು, 406 ಬಂತು

ಮೂರನೇ ಟೆಸ್ಟ್ ಗಯಾನಾದಲ್ಲಿ ಆಗಬೇಕಿತ್ತು. ಮಳೆ ಬಿಡಲಿಲ್ಲ. ಆಟವನ್ನು ಮತ್ತೆ ಪೋರ್ಟ್ ಆಫ್ ಸ್ಪೇನ್‌ಗೇ ತಂದರು. ಮೊದಲ ಸರದಿಯಲ್ಲಿ ವಿವಿಯನ್ ರಿಚರ್ಡ್ಸ್ 177 ಚಚ್ಚಿದರೂ ಚಂದ್ರಶೇಖರ್ 120ಕ್ಕೆ ಆರು ವಿಕೆಟ್ ತೆಗೆದರು. ಆದರೂ ಭಾರತ ಹಿಂದೆ ಬಿತ್ತು. ನಾಯಕ ಕ್ಲೈವ್ ಲಾಯ್ಡ್ ಎರಡನೇ ಸರದಿ ಡಿಕ್ಲೇರ್ ಮಾಡಿ 403 ಓಟದ ಗುರಿ ಕೊಟ್ಟರು. ಅಲ್ಲಿಯವರೆಗೆ ಟೆಸ್ಟ್ ಚರಿತ್ರೆಯಲ್ಲಿ ನಾಲ್ಕನೇ ಸರದಿಯಲ್ಲಿ ನಾನೂರು ದಾಟಿ ಗೆದ್ದವರು ಒಬ್ಬರೇ, 1948ರ ಬ್ರಾಡ್ಮನ್ ತಂಡ.

ಗವಾಸ್ಕರ್ 102 ಹೊಡೆದು ಹೋದರು. ಆಮೇಲೆ ಮೊಹಿಂದರ್ ಅಮರನಾಥ್ ಜೊತೆ ನಿಂತವರು ನಮ್ಮ ಭದ್ರಾವತಿ ವಿಶ್ವನಾಥ್. ಆಳು ಕುಳ್ಳ, ಮಣಿಕಟ್ಟು ಮಾತ್ರ ಉಕ್ಕು. ಇಬ್ಬರೂ ಸೇರಿ 159 ಓಟ ಪೇರಿಸಿದರು. ವಿಶ್ವನಾಥ್ 112ಕ್ಕೆ ರನ್ ಔಟ್, ಮೊಹಿಂದರ್ 85ಕ್ಕೆ ರನ್ ಔಟ್. ಕೊನೆಗೆ ಬ್ರಿಜೇಶ್ ಪಟೇಲ್ 49 ಹೊಡೆದು ಔಟಾಗದೆ ನಿಂತು ಕೆಲಸ ಮುಗಿಸಿದರು. 4 ವಿಕೆಟ್‌ಗೆ 406! ಈ ದಾಖಲೆ ಮುರಿಯಲು 27 ವರ್ಷ ಬೇಕಾಯಿತು. 2003ರಲ್ಲಿ ಅದೇ ವೆಸ್ಟ್ ಇಂಡೀಸ್ ಆಸ್ಟ್ರೇಲಿಯಾ ಎದುರು 418 ಹೊಡೆದು ಅಳಿಸಿಹಾಕಿತು.

ಕಿಂಗ್‌ಸ್ಟನ್‌ನ ಬಿಲ್ಲು

ಆ ಟೆಸ್ಟ್‌ನಲ್ಲಿ ಲಾಯ್ಡ್ ಮೂವರು ಸ್ಪಿನ್ನರ್‌ಗಳನ್ನು ನಂಬಿದ್ದರು. ಕೊನೆಯ ದಿನ ಮೂವರೂ ಕೈಕೊಟ್ಟರು. ಒಂಬತ್ತು ದಿನ ಕಳೆದು ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಕೊನೆಯ ಟೆಸ್ಟ್. ಸರಣಿ 1-1. ಈ ಸಲ ಲಾಯ್ಡ್ ಕೈಯಲ್ಲಿ ವೇಗದವರೇ: ಹೋಲ್ಡಿಂಗ್, ಡೇನಿಯಲ್, ಹೋಲ್ಡರ್, ಜೂಲಿಯನ್.

ಶುರುವೇನೋ ಚೆನ್ನಾಗಿಯೇ ಆಯ್ತು. ಗವಾಸ್ಕರ್, ಅಂಶುಮಾನ್ ಗಾಯಕವಾಡ್ ಮೊದಲ ವಿಕೆಟ್‌ಗೆ 136 ಸೇರಿಸಿದರು. ಆಮೇಲೆ ಚೆಂಡು ಗೂಟ ಬಿಟ್ಟು ಮೈಗೆ ಬರತೊಡಗಿತು. ತಲೆಗೆ ಹೆಲ್ಮೆಟ್ ಇಲ್ಲ, ಇರೋದು ಕೂದಲು, ಟೋಪಿ. ಹೋಲ್ಡಿಂಗ್ ಚೆಂಡಿಗೆ ವಿಶ್ವನಾಥ್ ಬೆರಳು ಮುರಿಯಿತು. ಅದೇ ಚೆಂಡಿಗೆ ಕ್ಯಾಚ್ ಕೂಡ. ಗಾಯಕವಾಡ್ 81 ಓಟ ಮಾಡಿದ್ದಾಗ ಕಿವಿಗೆ ಪೆಟ್ಟು ಬಿದ್ದು ಸೀದಾ ಆಸ್ಪತ್ರೆ. ಬ್ರಿಜೇಶ್ ಪಟೇಲ್ ಬಾಯಿಗೆ ಚೆಂಡು ಬಡಿದು ಹೊಲಿಗೆ. ಬಾಲದ ದಾಂಡಿಗರನ್ನೂ ಈ ಬೆಂಕಿಗೆ ನೂಕೋದು ಬೇಡ ಅಂತ ಬೇಡಿ 6 ವಿಕೆಟ್‌ಗೆ 306 ಇದ್ದಾಗಲೇ ಡಿಕ್ಲೇರ್ ಮಾಡಿಬಿಟ್ಟರು.

ವೆಸ್ಟ್ ಇಂಡೀಸ್ ಸರದಿಯಲ್ಲಿ ಚಂದ್ರಶೇಖರ್ ಐದು ವಿಕೆಟ್ ಕಿತ್ತರು. ಆದರೆ ಕ್ಯಾಚಿಗೆ ಕೈ ಹಾಕಲು ಹೋಗಿ ಅವರಿಗೂ ಬೇಡಿಗೂ ಕೈ ಪೆಟ್ಟಾಯಿತು. ಗಾಯಾಳುಗಳ ಬದಲು ನಿಲ್ಲೋಕೆ ಅಂತ ಪ್ರವಾಸಕ್ಕೆ ಹೋಗಿದ್ದ 17 ಜನ ಆಟಗಾರರೂ ಒಂದಲ್ಲ ಒಂದು ಹೊತ್ತಿನಲ್ಲಿ ಮೈದಾನಕ್ಕಿಳಿದರು.

ಎರಡನೇ ಸರದಿಗೆ ಬ್ಯಾಟ್ ಹಿಡಿಯಲು ಉಳಿದವರು ಆರೇ ಜನ. ಮೊಹಿಂದರ್ ಒಬ್ಬರೇ 60 ಹೊಡೆದರು. ಐದನೇ ವಿಕೆಟ್ ಬಿದ್ದಾಗ ಮೊತ್ತ 97. ಆಮೇಲೆ ಬರಲು ಯಾರೂ ಇರಲಿಲ್ಲ. ಸ್ಕೋರಿನ ಪಟ್ಟಿಯಲ್ಲಿ ಗಾಯಕವಾಡ್, ವಿಶ್ವನಾಥ್, ಬ್ರಿಜೇಶ್ ಪಟೇಲ್, ಬೇಡಿ, ಚಂದ್ರಶೇಖರ್, ಈ ಐದು ಹೆಸರುಗಳ ಮುಂದೆ 'ಗಾಯ, ಗೈರುಹಾಜರು' ಅಂತ ಬರೆದು ಮುಗಿಸಿದರು. ಐವರಲ್ಲಿ ಮೂವರು ಕರ್ನಾಟಕದವರು. ವೆಸ್ಟ್ ಇಂಡೀಸ್‌ಗೆ ಬೇಕಾದದ್ದು 13 ಓಟ. ಹತ್ತು ವಿಕೆಟ್ ಜಯ, ಸರಣಿ 2-1.

ಬಿದ್ದ ಮೇಲೆ ಬಂದ ಬುದ್ಧಿ

ಹಾಗಂತ ಹೋಲ್ಡಿಂಗ್‌ನಂಥ ಆಟಗಾರನ ಮೇಲೆ ಎಲ್ಲ ತಪ್ಪು ಹೊರಿಸೋದೂ ನ್ಯಾಯವಲ್ಲ. ವೇಗವಾಗಿ ಎಸೆಯೋದು ಅವರ ಕಸುಬು. ತಡೆಯಬೇಕಾದದ್ದು ನಿಯಮ, ಕಾಪಾಡಬೇಕಾದದ್ದು ಸಲಕರಣೆ. ಎರಡೂ ಕೈಕೊಟ್ಟವು. ಇದಕ್ಕೆ 14 ವರ್ಷ ಮೊದಲು, ಅದೇ 1962ರ ಪ್ರವಾಸದಲ್ಲಿ ಭಾರತದ ನಾಯಕ ನಾರಿ ಕಂಟ್ರಾಕ್ಟರ್ ತಲೆಗೆ ಬಾರ್ಬಡೋಸ್‌ನಲ್ಲಿ ಗ್ರಿಫಿತ್ ಚೆಂಡು ಬಡಿದು ಬುರುಡೆ ಬಿರಿದಿತ್ತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು, ಟೆಸ್ಟ್ ಆಟ ಅಲ್ಲಿಗೇ ಮುಗಿಯಿತು. ಆ ಪಾಠ ಕಣ್ಣೆದುರಿಗಿದ್ದರೂ 1976ರಲ್ಲಿ ತಲೆಗಳು ಬರಿದಾಗಿಯೇ ಇದ್ದವು.

ಟೆಸ್ಟ್ ಆಟದಲ್ಲಿ ಹೆಲ್ಮೆಟ್ ಕಾಣಿಸಿದ್ದು 1978ಕ್ಕೆ. ಒಂದು ಓವರಿನಲ್ಲಿ ಒಬ್ಬ ದಾಂಡಿಗನಿಗೆ ಒಂದೇ ಬೌನ್ಸರ್ ಅಂತ ಕಡಿವಾಣ ಹಾಕಿದ್ದು 1991ಕ್ಕೆ. ಟೆಸ್ಟ್‌ಗೆ ಇಬ್ಬರೂ ಅಂಪೈರ್‌ಗಳು ಹೊರದೇಶದವರೇ ಇರಬೇಕು ಅಂತಾದದ್ದು 2002ಕ್ಕೆ. ತಲೆಗೆ ಪೆಟ್ಟು ಬಿದ್ದವನ ಬದಲು ಇನ್ನೊಬ್ಬ ಬ್ಯಾಟ್ ಹಿಡಿಯಬಹುದು ಅಂತ ಒಪ್ಪಿದ್ದು 2019ಕ್ಕೆ. ಅಂದರೆ ಕಿಂಗ್‌ಸ್ಟನ್ ಆದ 43 ವರ್ಷಕ್ಕೆ! ಆವತ್ತು ಕಿವಿಗೆ ಏಟು ತಿಂದ ಗಾಯಕವಾಡ್ 2024ರಲ್ಲಿ ತೀರಿಕೊಂಡರು. ನಾಯಕ ಬೇಡಿ ಅದಕ್ಕೂ ಒಂದು ವರ್ಷ ಮೊದಲೇ ಹೋದರು.

ಕಪ್ಪಿನ ಜೊತೆ ಇದನ್ನೂ ಕೇಳಿ

ಈಗ ಊರಿನ ಮಾತಿಗೆ ಬರೋಣ. ಭಾನುವಾರ ಬಂತೆಂದರೆ ತುಮಕೂರಾಗಲಿ, ಗುಬ್ಬಿಯಾಗಲಿ, ಕುಣಿಗಲ್ಲಾಗಲಿ, ಬಯಲು ಕಂಡ ಕಡೆ ಕ್ರಿಕೆಟ್. ಟೆನಿಸ್ ಚೆಂಡಾದರೆ ಹೆಚ್ಚು ಚಿಂತೆ ಇಲ್ಲ. ಲೆದರ್ ಚೆಂಡಿನ ಮಾತೇ ಬೇರೆ. ಸುಮಾರು 160 ಗ್ರಾಂ ತೂಕ, ಕಲ್ಲಿನಷ್ಟು ಗಟ್ಟಿ. ತಕ್ಕಡಿ ಹಿಡಿದವರಿಗೆ ಈ ತೂಕ ಏನೂ ಅಲ್ಲ ಅನ್ನಿಸಬಹುದು. ಹುಡುಗನ ಕಪಾಳಕ್ಕೆ ಬಿದ್ದಾಗ ಗೊತ್ತಾಗುತ್ತೆ. ಟೆಸ್ಟ್ ಆಡಿದ ವಿಶ್ವನಾಥ್ ಬೆರಳು, ಬ್ರಿಜೇಶ್ ಪಟೇಲ್ ಬಾಯಿ ಉಳಿಯಲಿಲ್ಲ ಅಂದ ಮೇಲೆ ಹತ್ತನೇ ಕ್ಲಾಸಿನ ಹುಡುಗನ ಪಾಡೇನು?

ಟೂರ್ನಮೆಂಟ್ ಮಾಡ್ತೀವಿ ಅಂತ ಹುಡುಗರು ರಸೀದಿ ಪುಸ್ತಕ ಹಿಡಿದು ಅಂಗಡಿ ಮುಂದೆ ನಿಲ್ಲೋದು ಹೊಸದೇನಲ್ಲ. 'ಅಣ್ಣಾ, ಕಪ್ಪಿಗೆ ನಿಮ್ಮ ಹೆಸರು ಹಾಕಿಸ್ತೀವಿ' ಅಂತಾರೆ. ಕೊಡಿ, ಬೇಡ ಅಂದವರಾರು? ಕೊಡೋ ಮುಂಚೆ ಎರಡು ಪ್ರಶ್ನೆ ಮಾತ್ರ ಕೇಳಿ: 'ಲೆದರ್ ಚೆಂಡಾದರೆ ಹೆಲ್ಮೆಟ್ ಎಷ್ಟಿದೆಯಪ್ಪಾ? ಪೆಟ್ಟಾದರೆ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಗಾಡಿ ಯಾರದು?' ಉತ್ತರ ಬರದಿದ್ದರೆ ಕಪ್ಪಿನ ದುಡ್ಡಲ್ಲಿ ಅರ್ಧ ಹೆಲ್ಮೆಟ್ಟಿಗೆ ಹೋಗಲಿ. ಕಪ್ಪು ಒಂದು ಗೇಣು ಚಿಕ್ಕದಾದರೆ ಆಟ ಏನೂ ಕೆಡೋದಿಲ್ಲ.