ಮಕ್ಕಳೇ ಕೂತು ನ್ಯಾಯ ಹೇಳುವ ಕಟ್ಟೆ



ನಮ್ಮ ಊರುಗಳಲ್ಲಿ ‘ತಪ್ಪುಕಾಣಿಕೆ’ ಎಂಬ ಮಾತಿದೆ. ಹರಕೆ ಮರೆತರೆ, ನೇಮ ತಪ್ಪಿದರೆ ದೇವರಿಗೆ ಕಾಣಿಕೆ ಹಾಕಿ ಕೈ ಮುಗಿಯುತ್ತೇವೆ, ಮನಸ್ಸು ಹಗುರಾಗುತ್ತದೆ. ಆದರೆ ತಪ್ಪು ನಡೆದದ್ದು ದೇವರಿಗಲ್ಲ, ಪಕ್ಕದ ಮನೆಯವರಿಗೆ ಎಂದಾದರೆ ಆ ಕಾಣಿಕೆ ಯಾರಿಗೆ ಸಲ್ಲಬೇಕು? ನೊಂದವರಿಗೇ ಸಲ್ಲಬೇಕು, ಏನು ಸಲ್ಲಬೇಕೆಂದು ಕೂತು ಮಾತಾಡಿ ತೀರ್ಮಾನಿಸಬೇಕು ಎನ್ನುವ ವಿಚಾರಕ್ಕೆ ಇಲ್ಲಿ ‘ರೆಸ್ಟೊರೇಟಿವ್ ಜಸ್ಟಿಸ್’ ಎನ್ನುತ್ತಾರೆ. ಕೆಟ್ಟದ್ದನ್ನು ಸರಿಪಡಿಸುವ ನ್ಯಾಯ ಎನ್ನೋಣ. ಹದಿಹರೆಯದವರ ವಿಷಯದಲ್ಲಿ ಈ ಮಾತುಕತೆಯನ್ನು ಅವರ ಓರಗೆಯವರೇ ನಡೆಸಿಕೊಡುವುದುಂಟು.

ಇದಕ್ಕೆ ಎರಡು ಬೇರುಗಳಿವೆ. 1974ರಲ್ಲಿ ಕೆನಡಾದ ಎಲ್ಮೈರಾ ಎಂಬ ಊರಿನಲ್ಲಿ ಇಬ್ಬರು ಹುಡುಗರು ಕುಡಿದು ಒಂದೇ ರಾತ್ರಿ 22 ಕಡೆ ಆಸ್ತಿಪಾಸ್ತಿ ಹಾಳುಗೆಡವಿದರು. ಪ್ರೊಬೇಷನ್ ಅಧಿಕಾರಿ ಮಾರ್ಕ್ ಯಾಂಟ್ಜಿ ಅವರ ಸಲಹೆಯಂತೆ ಆ ಹುಡುಗರು ಮನೆಮನೆಯ ಬಾಗಿಲು ತಟ್ಟಿ ನಷ್ಟ ಎಷ್ಟೆಂದು ಕೇಳಿದರು, ಆಮೇಲೆ ತುಂಬಿಕೊಟ್ಟರು. 1983ರಲ್ಲಿ ಟೆಕ್ಸಾಸ್‌ನ ಒಡೆಸ್ಸಾದಲ್ಲಿ ನ್ಯಾಟಲಿ ರಾತ್‌ಸ್ಟೈನ್ ಎಂಬಾಕೆ ಶುರುಮಾಡಿದ ಟೀನ್ ಕೋರ್ಟ್ ದೇಶದ ಬೇರೆ ಊರುಗಳಿಗೂ ಮಾದರಿಯಾಯಿತು. ಮೊದಲನೆಯದು ನೊಂದವರನ್ನು ನಡುವೆ ತಂದಿತು. ಎರಡನೆಯದು ಮಕ್ಕಳನ್ನೇ ಜ್ಯೂರಿಯಲ್ಲಿ ಕೂರಿಸಿತು. ಇವೆರಡನ್ನೂ ಕೂಡಿಸುವುದೇ ಈಗಿನ ಪ್ರಯತ್ನ.

ನಮ್ಮ ಗ್ಲೆಂಡೇಲ್ ಸೇರಿರುವ ಲಾಸ್ ಏಂಜಲೀಸ್ ಕೌಂಟಿಯಲ್ಲಿ ಸುಪೀರಿಯರ್ ಕೋರ್ಟಿನ ಆಶ್ರಯದಲ್ಲಿ ಟೀನ್ ಕೋರ್ಟ್ ಬೆಳೆದದ್ದು 1990ರ ದಶಕದಿಂದ. ಸ್ಯಾನ್ ಡಿಯೇಗೋದಲ್ಲಿ 2021ರಿಂದ ಜಿಲ್ಲಾ ಅಟಾರ್ನಿಯವರ ಕಚೇರಿ ‘ನ್ಯಾಷನಲ್ ಕಾನ್‌ಫ್ಲಿಕ್ಟ್ ರೆಸಲ್ಯೂಷನ್ ಸೆಂಟರ್’ ಜೊತೆ ಸೇರಿ ಮಕ್ಕಳ ಪ್ರಕರಣಗಳನ್ನು ಕೋರ್ಟಿನಿಂದ ಇತ್ತ ತಿರುಗಿಸುತ್ತಿದೆ.

ನಡೆಯುವುದು ಹೇಗೆ? ಮಾಲಿನ ಅಂಗಡಿಯೊಂದರಲ್ಲಿ ಹದಿನೈದರ ಹುಡುಗನೊಬ್ಬ ಹೆಡ್‌ಫೋನ್ ಕದ್ದು ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ಮೊದಲ ತಪ್ಪು, ಸಣ್ಣ ತಪ್ಪು. ಪೊಲೀಸರೋ ಪ್ರೊಬೇಷನ್ ಇಲಾಖೆಯೋ ಪ್ರಕರಣವನ್ನು ಇತ್ತ ಕಳಿಸಬಹುದು. ಅಪ್ಪ ಅಮ್ಮ ಒಪ್ಪಬೇಕು, ಜೊತೆಗೆ ಬರಲೂ ಬೇಕು. ಕಲಾಪ ಶಾಲೆ ಬಿಟ್ಟ ಮೇಲೆ, ಅವನದಲ್ಲದ ಬೇರೊಂದು ಹೈಸ್ಕೂಲಿನಲ್ಲಿ. ನಿಜವಾದ ನ್ಯಾಯಾಧೀಶರು ಪೀಠದಲ್ಲಿರುತ್ತಾರೆ, ಆದರೆ ಪ್ರಶ್ನೆ ಕೇಳುವವರು ಜ್ಯೂರಿಯ ವಿದ್ಯಾರ್ಥಿಗಳು. ತಂದೆತಾಯಿಯರನ್ನೂ ಕೇಳುತ್ತಾರೆ! ಕ್ಯಾಲಿಫೋರ್ನಿಯಾದ ಕಾನೂನು ಆರು ತಿಂಗಳವರೆಗಿನ ಇಂಥ ಅನೌಪಚಾರಿಕ ಉಸ್ತುವಾರಿಗೆ ಅವಕಾಶ ಕೊಟ್ಟಿದೆ. ಹೇಳಿದ್ದನ್ನು ಮಾಡಿ ಮುಗಿಸಿದರೆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ.

ಇಂಥ ಕಲಾಪವನ್ನು ನಡೆಸಿಕೊಡುವ ದೊಡ್ಡವರ ಕೆಲಸ ಕಣ್ಣಿಗೆ ಕಾಣುವುದು ಕಡಿಮೆ, ಆದರೆ ಎಲ್ಲವೂ ಅದರ ಮೇಲೆ ನಿಂತಿದೆ. ಮೊದಲನೆಯದು ಗುಟ್ಟು ಕಾಯುವುದು. ಇಲ್ಲಿ ಕೇಳಿದ್ದು ಇಲ್ಲೇ ಉಳಿಯಬೇಕು. ಹುಡುಗನ ಪರಿಚಯ ಇರುವವರು ಜ್ಯೂರಿಯಿಂದ ಏಳಬೇಕು. ಎರಡನೆಯದು ಪ್ರಶ್ನೆ ಕೇಳುವುದನ್ನು ಕಲಿಸುವುದು. “ಯಾಕೋ ಹೀಗೆ ಮಾಡಿದೆ?” ಎಂದರೆ ಬರುವ ಉತ್ತರ “ಗೊತ್ತಿಲ್ಲ”. ಅದರ ಬದಲು “ಏನಾಯಿತು? ಆಗ ಮನಸ್ಸಿನಲ್ಲಿ ಏನಿತ್ತು? ಇದರಿಂದ ಯಾರುಯಾರಿಗೆ ತೊಂದರೆಯಾಯಿತು? ಸರಿಮಾಡಲು ಏನು ಮಾಡಬಲ್ಲೆ?” ಎಂದು ಒಂದೊಂದಾಗಿ ಕೇಳಿದರೆ ಬಾಯಿ ಬಿಡುತ್ತಾನೆ. ಅವನು ಸುಮ್ಮನಾದಾಗ ದೊಡ್ಡವರು ಬಾಯಿ ಹಾಕಬಾರದು. ಆ ಮೌನವೂ ಕೆಲಸ ಮಾಡುತ್ತಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ಮಕ್ಕಳು ಮೃದುವಾಗಿರುತ್ತಾರೆ ಎಂದುಕೊಂಡರೆ ತಪ್ಪು. ಎಷ್ಟೋ ಸಲ ದೊಡ್ಡವರಿಗಿಂತ ಕಠಿಣ. ನೂರು ಗಂಟೆ ಸೇವೆ, ಫೋನ್ ಬಂದ್, ಪ್ರಬಂಧ ಎಂದು ಪಟ್ಟಿ ಬೆಳೆಸಬಹುದು. ಆಗ ನಡೆಸಿಕೊಡುವವರು ಕೇಳಬೇಕಾದದ್ದು ಒಂದೇ: “ಇದರಿಂದ ಯಾವ ನೋವು ಸರಿಹೋಗುತ್ತದೆ?” ಉತ್ತರವಿಲ್ಲದ್ದು ಪಟ್ಟಿಯಿಂದ ಬೀಳಬೇಕು. ಅಂಗಡಿಯವರಿಗೆ ಕ್ಷಮಾಪಣೆಯ ಪತ್ರ, ನಷ್ಟ ಭರ್ತಿ, ಒಂದಿಷ್ಟು ಸಮುದಾಯ ಸೇವೆ ಉಳಿಯಬಹುದು. ಅನೇಕ ಕಡೆ ಇನ್ನೊಂದು ಕರಾರೂ ಇರುತ್ತದೆ: ಅವನೇ ಮುಂದೊಂದು ದಿನ ಬಂದು ಇನ್ನೊಬ್ಬನಿಗಾಗಿ ಜ್ಯೂರಿಯಲ್ಲಿ ಕೂರಬೇಕು. ತಪ್ಪಿತಸ್ಥನೆಂಬ ಹಣೆಪಟ್ಟಿ ಕಳಚಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಇದರಿಂದ ಪ್ರಯೋಜನವಿದೆಯೇ? 2002ರಲ್ಲಿ ಅರ್ಬನ್ ಇನ್‌ಸ್ಟಿಟ್ಯೂಟ್ ನಾಲ್ಕು ರಾಜ್ಯಗಳಲ್ಲಿ ಅಳೆದು ನೋಡಿತು. ಅಲಾಸ್ಕಾದಲ್ಲಿ ಆರು ತಿಂಗಳೊಳಗೆ ಮತ್ತೆ ತಪ್ಪು ಮಾಡಿದವರು ಟೀನ್ ಕೋರ್ಟಿಗೆ ಹೋದವರಲ್ಲಿ ಶೇ. 6, ಮಾಮೂಲಿ ದಾರಿಯವರಲ್ಲಿ ಶೇ. 23. ಮೇರಿಲ್ಯಾಂಡ್‌ನಲ್ಲಿ ಮಾತ್ರ ಲೆಕ್ಕ ತಿರುವುಮುರುವು: ಟೀನ್ ಕೋರ್ಟಿನವರು ಶೇ. 8, ಉಳಿದವರು ಶೇ. 4. ಹಾಗಾಗಿ ಇದು ಮಂತ್ರದಂಡವಲ್ಲ. ನಡೆಸುವ ಕೈ ಮುಖ್ಯ.

ಈಗ ನಮ್ಮ ಮನೆಗಳ ಮಾತು. ಇಂಥ ಕಾಗದ ಮನೆಗೆ ಬಂದರೆ ನಾವು ಮೊದಲು ಹೇಳುವುದು “ಮಾನ ಹೋಯಿತು”. ಊರಿನ ಪಂಚಾಯ್ತಿ ಕಟ್ಟೆಯಲ್ಲಿ ಹತ್ತು ಜನರ ಮುಂದೆ ದಂಡ ತೆತ್ತು ತಲೆ ತಗ್ಗಿಸಿದ ನೆನಪು ನಮ್ಮ ರಕ್ತದಲ್ಲಿದೆ. ಆದರೆ ಈ ಕಟ್ಟೆ ಬೇರೆ: ಇದು ಮಾನ ಕಳೆಯಲು ಅಲ್ಲ, ಮರಳಿ ಗಳಿಸಲು. ನಾಚಿಕೆಗೆ ಅಂಜಿ ಬೇಡವೆಂದರೆ ಪ್ರಕರಣ ಕೋರ್ಟಿಗೇ ಹೋಗಬಹುದು. ಹಾಗೆಂದು ಕಣ್ಣು ಮುಚ್ಚಿ ಒಪ್ಪಲೂ ಬಾರದು. ಬಾಲನ್ಯಾಯಾಲಯದ ತೀರ್ಮಾನ ವಲಸೆ ಕಾನೂನಿನ ಲೆಕ್ಕದಲ್ಲಿ ‘ಶಿಕ್ಷೆ’ಯಲ್ಲ ಎಂದು ಇಮಿಗ್ರೇಷನ್ ಮೇಲ್ಮನವಿ ಮಂಡಳಿ 2000ದಲ್ಲಿ ಹೇಳಿದ್ದರೂ, ಮಾದಕವಸ್ತುವಿನಂಥ ವಿಷಯದಲ್ಲಿ ತಪ್ಪೊಪ್ಪಿಗೆಯ ಮಾತೂ ತೊಡಕಾಗಬಹುದು. ಮಗುವಿನ ಬಳಿ ಗ್ರೀನ್ ಕಾರ್ಡ್ ಅಥವಾ ವೀಸಾ ಮಾತ್ರ ಇದ್ದರೆ ಮೊದಲು ವಲಸೆ ವಕೀಲರನ್ನು ಕಾಣಿ.

ಭಾರತದ 2015ರ ಬಾಲನ್ಯಾಯ ಕಾಯ್ದೆಯೂ ಸಮುದಾಯ ಸೇವೆಗೆ, ಆಪ್ತ ಸಲಹೆಗೆ ಅವಕಾಶ ಕೊಟ್ಟಿದೆ. ಆದರೆ ಅಲ್ಲಿನ ಮಂಡಳಿಯಲ್ಲಿ ಇರುವವರು ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಓರಗೆಯವರಿಗೆ ಜಾಗವಿಲ್ಲ.

ಗ್ಲೆಂಡೇಲ್‌ನಂಥ ಊರಿನಲ್ಲಿ ಜ್ಯೂರಿ ಎಂದರೆ ಆರ್ಮೇನಿಯನ್, ಫಿಲಿಪಿನೋ, ಕೊರಿಯನ್ ಮನೆಗಳ ಮಕ್ಕಳು. ಅಲ್ಲಿ ನಮ್ಮ ಮಕ್ಕಳೂ ಇರಲಿ. ಕತೆ ಕಾದಂಬರಿ ಓದುವ ನಾವು ಮನೆಯಲ್ಲಿ ಅವರಿಗೆ ಕಲಿಸಬಹುದಾದದ್ದೂ ಇದೇ ತಾನೆ: ತೀರ್ಪು ಕೊಡುವ ಮೊದಲು ಎದುರಿಗಿರುವವರ ಕತೆ ಪೂರ್ತಿ ಕೇಳುವುದು.